ಜಿಗ್‌ಸಾ ಚಿತ್ರಕ್ಕೆ ಕಟ್ಟು ಹಾಕಿಸುವ ಮುನ್ನ ಇದನ್ನು ಓದಿ

ರಟ್ಟಿನ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಮುಗಿಸಿದ ಜಿಗ್‌ಸಾ ಚಿತ್ರವನ್ನು ಗೋಡೆಗೆ ಹಾಕುವ ಆಸೆಯಿಂದ ಫೋಟೊ ಕಟ್ಟು ಹಾಕುವ ಅಂಗಡಿಗೆ ಒಯ್ಯುವವರಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಆ ಅಂಗಡಿಯವರು ಹಿಂದೆ ಮಾಡಿಕೊಟ್ಟ ಒಂದು ಜಿಗ್‌ಸಾವನ್ನಾದರೂ ಕಣ್ಣಾರೆ ನೋಡದೆ ನಿಮ್ಮದನ್ನು ಕೊಡಬೇಡಿ. ಮೈಸೂರಿನಲ್ಲಿ ದೇವರ ಪಟಕ್ಕೆ, ಮದುವೆ ಫೋಟೊಗೆ, ಮೈಸೂರು ಶೈಲಿಯ ಚಿತ್ರಗಳಿಗೆ ಅಚ್ಚುಕಟ್ಟಾಗಿ ಕಟ್ಟು ಹಾಕುವ ಕೈಗಳಿಗೆ ಕೊರತೆಯಿಲ್ಲ. ಆದರೆ ಸಾವಿರ ಚೂರುಗಳ ರಟ್ಟಿನ ಚಿತ್ರ ಬೇರೆಯದೇ ವಸ್ತು. ಅದನ್ನು ಅರಿಯದ ಅಂಗಡಿಯೊಂದು ನನ್ನ ಅಮ್ಮನ ತಿಂಗಳುಗಳ ಶ್ರಮವನ್ನು ಹಾಳು ಮಾಡಿದೆ.

ಅಮ್ಮ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಅಪ್ಪ ತೀರಿಕೊಂಡ ಮೇಲೆ ಮಧ್ಯಾಹ್ನದ ಹೊತ್ತು ಅವರಿಗೆ ಕಳೆಯುತ್ತಲೇ ಇರಲಿಲ್ಲ. ಅಣ್ಣನ ಮಗಳು ತಂದುಕೊಟ್ಟ ಜಿಗ್‌ಸಾ ಪೆಟ್ಟಿಗೆಯಲ್ಲಿದ್ದದ್ದು ದೀಪಾಲಂಕಾರದ ಅರಮನೆ. ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಳ್ಳುವ ಆ ನೋಟ ದೂರದಿಂದ ನೋಡುವವರಿಗೆ ಹಬ್ಬ, ಚೂರು ಜೋಡಿಸುವವರಿಗೆ ಕಠಿಣ ಪರೀಕ್ಷೆ. ಗೋಪುರ, ಕಮಾನು, ಕಂಬಗಳೆಲ್ಲ ಒಂದೇ ಹೊನ್ನಿನ ಬಣ್ಣ. ಮೇಲಿನ ಅರ್ಧ ಬರಿಯ ಕಪ್ಪು ಆಕಾಶ. ಬಣ್ಣದ ಸುಳಿವೇ ಇಲ್ಲದ ಕಡೆ ಆಕಾರವೊಂದೇ ದಾರಿ. ಅಮ್ಮ ಕಪ್ಪು ಚೂರುಗಳನ್ನು ಎರಡು ಕಿವಿಯವು (ಚೂರಿನ ಅಂಚಿನಿಂದ ಹೊರಚಾಚಿದ ಉಬ್ಬೇ ಕಿವಿ), ಮೂರು ಕಿವಿಯವು, ಕಿವಿಯೇ ಇಲ್ಲದವು ಎಂದು ಸ್ಟೀಲ್ ತಟ್ಟೆಗಳಲ್ಲಿ ವಿಂಗಡಿಸಿಟ್ಟುಕೊಂಡರು. ಮೊದಲು ಅಂಚು ಮುಗಿಯಿತು. ಉದ್ದಕ್ಕೆ 38, ಅಗಲಕ್ಕೆ 27 ಎಂದು ಎಣಿಸಿ, ಪೆಟ್ಟಿಗೆಯ ಮೇಲೆ ಸಾವಿರ ಎಂದಿದ್ದರೂ ಒಳಗಿರುವುದು 1026 ಎಂದು ಲೆಕ್ಕ ಹೇಳಿದರು. ಸಾವಿರದ ಪೆಟ್ಟಿಗೆಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಆ ಲೆಕ್ಕ ಹೇಳುವಾಗ ಅವರ ದನಿಯಲ್ಲಿದ್ದ ಗೆಲುವನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ರಾತ್ರಿ ನಿದ್ದೆಯೂ ಬರತೊಡಗಿತು. ಒಂದು ಚೂರಿನ ಜಾಗ ಹುಡುಕುವಾಗ ಬೇರೆ ಯೋಚನೆ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದರು.

ಚಿತ್ರ ಮುಗಿದಾಗ ಅದನ್ನು ನಡುಮನೆಯಲ್ಲಿ ಹಾಕಬೇಕೆಂದು ಎಲ್ಲರಿಗೂ ಅನ್ನಿಸಿತು. ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು, ನಾಲ್ಕೂ ಕಡೆ ಕ್ಲಿಪ್ ಹಾಕಿ, ಒಂದು ಚೂರೂ ಅಲುಗದಂತೆ ಆಟೊದಲ್ಲಿ ಒಯ್ದೆವು. ನೀರು ಬೆರೆಸಿದ ಅಂಟು ಬೇಡ, ಬಿಸಿ ಲ್ಯಾಮಿನೇಷನ್ ಬೇಡ ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟೆ. "ಇಂಥವು ಎಷ್ಟೋ ಮಾಡಿದ್ದೇವೆ, ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಮೇಡಂ" ಎಂದರು.

ಹೇಳಿದ ದಿನ ಸಿಗಲಿಲ್ಲ, ಮತ್ತೊಂದು ವಾರವೂ ಸಿಗಲಿಲ್ಲ. ಕೊನೆಗೆ ಕೈಗೆ ಬಂದ ಚಿತ್ರದ ಮೈಯೆಲ್ಲ ಗುಳ್ಳೆ. ಚೂರುಗಳ ಅಂಚು ಉಬ್ಬಿ ಮೇಲೆದ್ದಿತ್ತು, ಹಲವು ಕಡೆ ಮೇಲಿನ ಕಾಗದ ರಟ್ಟಿನಿಂದ ಕಿತ್ತು ಬಂದಿತ್ತು. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಆಕಾಶವನ್ನು ನೋಡಿ. ಅಂಗಡಿಯಲ್ಲಿ ಯಾವಾಗಲೋ ಹಲಗೆ ಓರೆಯಾಗಿ ಆ ಭಾಗ ಚದುರಿಹೋಗಿದೆ. ಅವರು ಕಪ್ಪು ಚೂರುಗಳನ್ನು ಕೈಗೆ ಸಿಕ್ಕಂತೆ ಒತ್ತಿ ಕೂರಿಸಿದ್ದಾರೆ. ಕಳೆದುಹೋದ ಚೂರುಗಳ ಜಾಗಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ. ಯಾವ ಚೂರು ಎಲ್ಲಿಯದೆಂದು ಅಮ್ಮನಿಗೆ ಗೊತ್ತು. ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. "ಮಕ್ಕಳ ಆಟದ ಸಾಮಾನು ತಾನೇ ಅಮ್ಮಾ, ಇನ್ನೊಂದು ತೆಗೆದುಕೊಳ್ಳಿ" ಎಂಬ ಉತ್ತರ ಬಂತು. ಆ ಮಾತಿಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮರದ ಮೇಲೆ ಭೂಪಟ ಅಂಟಿಸಿ ಕತ್ತರಿಸಿದ್ದು ಮಕ್ಕಳಿಗೆ ಭೂಗೋಳ ಕಲಿಸಲೆಂದೇ, ನಿಜ. ಆದರೆ 1930ರ ದಶಕದ ಆರ್ಥಿಕ ಕುಸಿತದ ಕಾಲಕ್ಕೆ ಅಮೆರಿಕದಲ್ಲಿ ದೊಡ್ಡವರೇ ಮನೆಮನೆಯಲ್ಲಿ ಇದನ್ನು ಜೋಡಿಸುತ್ತ ಕೂರುತ್ತಿದ್ದರು. ಅಮ್ಮ ಆ ಮೇಜಿನ ಮುಂದೆ ಕುಳಿತದ್ದೂ ಆಟಕ್ಕಾಗಿ ಮಾತ್ರ ಆಗಿರಲಿಲ್ಲ.

ಹೀಗೇಕೆ ಆಗುತ್ತದೆ ಎಂದರೆ, ಜಿಗ್‌ಸಾ ಎಂಬುದು ದಪ್ಪ ರಟ್ಟಿನ ಮೇಲೆ ಅಚ್ಚಾದ ಕಾಗದವನ್ನು ಅಂಟಿಸಿ, ಉಕ್ಕಿನ ಅಲಗುಗಳ ಅಚ್ಚಿನಿಂದ ಒತ್ತಿ ಕತ್ತರಿಸಿದ್ದು. ಪ್ರತಿ ಚೂರಿನ ಸುತ್ತಲೂ ರಟ್ಟಿನ ಬರಿಮೈ ತೆರೆದಿರುತ್ತದೆ. ನೀರಾದ ಅಂಟು ಆ ಸಂದುಗಳಿಗೆ ಇಳಿದರೆ ರಟ್ಟು ಹೀರಿಕೊಂಡು ಊದುತ್ತದೆ. ಅದು ಒಣಗುವ ಮೊದಲೇ ಮೇಲೆ ಬಿಸಿ ಹಾಳೆ ಒತ್ತಿದರೆ ಒಳಗಿನ ತೇವ ಹೊರಬರಲಾರದೆ ಗುಳ್ಳೆಯಾಗುತ್ತದೆ. ಆಷಾಢದ ಜಡಿಮಳೆಯಲ್ಲಿ ಕೊಟ್ಟರಂತೂ ಒಣಗುವುದು ಇನ್ನೂ ನಿಧಾನ. ಫೋಟೊ ಎಂದರೆ ಒಂದೇ ಹಾಳೆ, ಅದಕ್ಕೆ ಈ ತೊಂದರೆಯಿಲ್ಲ. ಫೋಟೊ ಕೆಲಸದಲ್ಲಿ ನುರಿತವರೂ ಇಲ್ಲಿ ಎಡವುವುದು ಇದಕ್ಕೇ.

ಅಂಟಿಸಲೇಬೇಕಿದ್ದರೆ ಮನೆಯಲ್ಲೇ ಮಾಡಿ. ಎರಡು ಹಲಗೆಗಳ ನಡುವೆ ಹಿಡಿದು ಚಿತ್ರವನ್ನು ಮಗುಚಿ, ಬೆನ್ನಿಗೆ ಸ್ವಯಂ ಅಂಟುವ ಹಾಳೆಗಳನ್ನು ಅಂಟಿಸಿ. ನೀರೂ ಬೇಡ, ಬಿಸಿಯೂ ಬೇಡ. ಮುಂಭಾಗಕ್ಕೆ ಜಿಗ್‌ಸಾ ಅಂಟನ್ನೇ ಬಳಸುವುದಾದರೆ ಹಳೆಯ ಎಟಿಎಂ ಕಾರ್ಡಿನಂಥ ಗಟ್ಟಿ ಅಂಚಿನಿಂದ ಬಹಳ ತೆಳುವಾಗಿ ಎಳೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಅಂಗಡಿಯಿಂದ ಬರಿಯ ಚೌಕಟ್ಟು ಹಾಕಿಸಿ. ಗಾಜು ಚಿತ್ರಕ್ಕೆ ನೇರವಾಗಿ ತಾಗಬಾರದು, ನಡುವೆ ಸುತ್ತಲೂ ರಟ್ಟಿನ ಪಟ್ಟಿ ಇರಲಿ. ಮಳೆಗೆ ಒದ್ದೆಯಾಗುವ ಹೊರಗೋಡೆಗೆ ನೇತುಹಾಕಿದರೆ ಬೂಷ್ಟು ಹಿಡಿಯುತ್ತದೆ.

ಕೊಡುವ ಮೊದಲು ಇಡೀ ಚಿತ್ರದ ಫೋಟೊ ತೆಗೆದುಕೊಳ್ಳಿ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಕೆಲಸ ಕೆಟ್ಟರೆ ಅದು ಸೇವಾ ನ್ಯೂನತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾವು ಹಣ ಕಳಿಸಿದ ಮೊಬೈಲ್ ದಾಖಲೆ, ಮೊದಲಿನ ಫೋಟೊ, ಚೀಟಿಯ ಪ್ರತಿ ಮೂರನ್ನೂ ಜೋಡಿಸಿಟ್ಟಿದ್ದೇವೆ. ದೂರಿನ ಪತ್ರವನ್ನು ಅಮ್ಮನೇ ಬರೆಯುತ್ತಿದ್ದಾರೆ.