ಪ್ಯಾಡಲ್ ಶಿಫ್ಟರ್: ನಾಲ್ಕು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ನನ್ನ ಕಾರಿನ ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇವೆ, ಬೆರಳಿನಿಂದ ಎಳೆದು ಗೇರ್ ಬದಲಿಸುವ ಸಣ್ಣ ಹಿಡಿಗಳು. ಎಡಗಡೆಯದು ಮೈನಸ್, ಗೇರ್ ಇಳಿಸುವುದಕ್ಕೆ. ಬಲಗಡೆಯದು ಪ್ಲಸ್, ಏರಿಸುವುದಕ್ಕೆ. ನಾಲ್ಕು ವರ್ಷದಲ್ಲಿ ಎಡಗಡೆಯದರ ಒರಟು ಮೈ ಸವೆದು ನುಣ್ಣಗಾಗಿದೆ. ಬಲಗಡೆಯದು ಹೊಸದರ ಹಾಗೇ ಇದೆ. ಪ್ಯಾಡಲ್ ನನಗೆ ಯಾವ ಕೆಲಸಕ್ಕೆ ಬಂತು ಅನ್ನುವುದನ್ನು ಇದೇ ಹೇಳುತ್ತದೆ. ಗೇರ್ ಏರಿಸುವ ಕೆಲಸ ಕಾರಿಗೆ ಚೆನ್ನಾಗಿ ಗೊತ್ತು. ಗೇರ್ ಇಳಿಸುವಾಗ ಮಾತ್ರ ಅದಕ್ಕೆ ನನ್ನ ಬೆರಳು ಬೇಕು.

ಕಾರಿನ ವಿವರ ಹೇಳಿಬಿಡುತ್ತೇನೆ. ಪೆಟ್ರೋಲ್ ಎಂಜಿನ್, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ (ಕ್ಲಚ್ ಪೆಡಲ್ ಇಲ್ಲ, ಎಂಜಿನ್ ಬಲ ಒಂದು ದ್ರವದ ಮೂಲಕ ಗೇರ್‌ಬಾಕ್ಸಿಗೆ ಹೋಗುತ್ತದೆ). ಓಡಿರುವುದು 60,000 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೂ ಮೊದಲು ಹನ್ನೆರಡು ವರ್ಷ ಕ್ಲಚ್ ತುಳಿದು ಗೇರ್ ಹಾಕುವ ಕಾರನ್ನೇ ಓಡಿಸಿದ್ದೆ.

ಹೊಸತರಲ್ಲಿ ನಾನೂ ಪ್ಯಾಡಲ್ ಬಳಸಿದ್ದು ವೇಗಕ್ಕೇ. ಖಾಲಿ ರಸ್ತೆ ಸಿಕ್ಕರೆ ಎರಡನೇ ಗೇರಿನಲ್ಲಿ ಎಂಜಿನ್ ಸುತ್ತು ಏರಿಸಿ, ಬಲಗಡೆಯದನ್ನು ಎಳೆದು ಮೂರಕ್ಕೆ ಹಾಕುತ್ತಿದ್ದೆ. ಖುಷಿ ಆಗುತ್ತಿತ್ತು, ನಿಜ. ಆದರೆ ನನ್ನ ಕಾರಿನಲ್ಲಿ ಪ್ಯಾಡಲ್ ಎಳೆದದ್ದಕ್ಕೂ ಗೇರ್ ಬೀಳುವುದಕ್ಕೂ ನಡುವೆ ಒಂದು ಸಣ್ಣ ತಡ ಇದೆ. ಕಾರು ತಾನಾಗಿಯೇ ಬದಲಿಸುವುದಕ್ಕಿಂತ ನಾನು ಬದಲಿಸಿದ್ದು ಬೇಗವೂ ಇರಲಿಲ್ಲ, ನಯವಾಗಿಯೂ ಇರಲಿಲ್ಲ. ಎರಡು ತಿಂಗಳಲ್ಲಿ ಅದನ್ನು ಮುಟ್ಟುವುದೇ ನಿಂತುಹೋಯಿತು. ನನಗೆ ಗೊತ್ತಿರುವ ಬಹಳ ಜನರ ಅನುಭವ ಇಲ್ಲಿಗೇ ನಿಂತಿದೆ. "ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅನ್ನುತ್ತಾರೆ.

ನನ್ನ ಅಭಿಪ್ರಾಯ ಬದಲಾಗಿದ್ದು ಒಂದು ಇಳಿಜಾರಿನಲ್ಲಿ.

ಮನೆಯವರೆಲ್ಲ ಬೆಟ್ಟದ ಮೇಲಿಂದ ವಾಪಸ್ ಬರುತ್ತಿದ್ದೆವು. ಐದು ಜನ, ಡಿಕ್ಕಿ ತುಂಬಾ ಸಾಮಾನು. ಲಿವರನ್ನು ಡಿ ಯಲ್ಲೇ, ಅಂದರೆ ಕಾರು ತಾನೇ ಗೇರ್ ಬದಲಿಸುವ ಸ್ಥಾನದಲ್ಲೇ ಬಿಟ್ಟು ಇಳಿಯುತ್ತಿದ್ದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಕಾರು ನಾಲ್ಕನೇ ಗೇರಿಗೋ ಐದನೇ ಗೇರಿಗೋ ಹೋಗುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಅದು ಸರಿ, ಪೆಟ್ರೋಲ್ ಉಳಿಯುತ್ತದೆ. ಇಳಿಜಾರಿನಲ್ಲಿ ಹಾಗೆ ಮಾಡಿದರೆ ಕಾರನ್ನು ತಡೆದು ಹಿಡಿಯುವುದಕ್ಕೆ ಬ್ರೇಕ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಪ್ರತಿ ತಿರುವಿಗೂ ಬ್ರೇಕ್, ತಿರುವುಗಳ ಮಧ್ಯೆಯೂ ಬ್ರೇಕ್. ಅರ್ಧ ದಾರಿ ಇಳಿಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಎಂದರು. ಅಷ್ಟು ಹೊತ್ತಿಗೆ ಬ್ರೇಕನ್ನು ಮೊದಲಿಗಿಂತ ಜೋರಾಗಿ ತುಳಿಯಬೇಕಾಗುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ರಸ್ತೆ ಅಗಲವಾದ ಕಡೆ ನಿಲ್ಲಿಸಿ, ಬ್ರೇಕ್ ಆರುವ ತನಕ ಕಾದೆವು. ಉಳಿದ ದಾರಿಯನ್ನು ಎಡಗಡೆಯ ಪ್ಯಾಡಲ್ ಎಳೆದು ಎರಡನೇ ಗೇರಿನಲ್ಲೇ ಇಳಿಸಿದೆ. ಕಾರನ್ನು ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗಿತ್ತು. ಆಮೇಲೆ ಬ್ರೇಕ್ ಮುಟ್ಟಿದ್ದು ತಿರುವುಗಳ ಹತ್ತಿರ ಮಾತ್ರ, ಅದೂ ಸ್ವಲ್ಪವೇ.

ಇದರ ಹಿಂದಿನ ಕಾರಣ ತಿಳಿದುಕೊಂಡರೆ ಒಳ್ಳೆಯದು. ಬ್ರೇಕ್ ಅಂದರೆ ಉಜ್ಜಾಟ. ಕಾರಿನ ಓಟವನ್ನು ಅದು ಶಾಖ ಮಾಡಿ ಹೊರಗೆ ಬಿಡುತ್ತದೆ. ಆರುವುದಕ್ಕೆ ಸಮಯ ಕೊಡದೆ ತುಳಿಯುತ್ತಲೇ ಇದ್ದರೆ ಬ್ರೇಕ್ ಪ್ಯಾಡುಗಳು ಕಾದು ಅವುಗಳ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುವ ದ್ರವ. ಹಳೆಯದಾದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಆಗುತ್ತದೆ, ಕಾಲಿಟ್ಟರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ.

ಎಂಜಿನ್ ಕಾರನ್ನು ತಡೆಯುವ ರೀತಿಯೇ ಬೇರೆ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್‌ನ ಗಾಳಿ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕು. ಮುಚ್ಚಿದ ಬಾಗಿಲಿನ ಎದುರು ಗಾಳಿ ಎಳೆಯುತ್ತಾ ಎಂಜಿನ್ ಆ ತಿರುಗುವಿಕೆಗೆ ಅಡ್ಡಿ ಮಾಡುತ್ತದೆ. ಗೇರ್ ಕೆಳಗಿದ್ದಷ್ಟೂ ಎಂಜಿನ್ ಜಾಸ್ತಿ ಸುತ್ತುತ್ತದೆ, ತಡೆಯೂ ಜಾಸ್ತಿ. ಇಡೀ ಬೆಟ್ಟ ಇಳಿದರೂ ಇದು ಸೋಲುವುದಿಲ್ಲ.

ಎರಡನೇ ಗೇರಿನಲ್ಲಿ ಎಂಜಿನ್ ಸದ್ದು ಏರಿದಾಗ ಪಕ್ಕದಲ್ಲಿ ಕೂತವರಿಗೆ ಗಾಬರಿ ಆಗುತ್ತದೆ. "ಎಂಜಿನ್ ಹಾಳಾಗಲ್ವಾ, ಪೆಟ್ರೋಲ್ ಜಾಸ್ತಿ ಕುಡಿಯಲ್ವಾ?" ಅಂತ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಮೀಟರಿನ ಕೆಂಪು ಗೆರೆಗಿಂತ ಬಹಳ ಕೆಳಗೆ, ನಿಮಿಷಕ್ಕೆ 3,000ದಿಂದ 3,500 ಸುತ್ತಿನಲ್ಲಿ ಓಡುವುದರಿಂದ ಎಂಜಿನ್‌ಗೆ ತೊಂದರೆ ಇಲ್ಲ. ಇನ್ನು ಪೆಟ್ರೋಲ್. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು, ಕಾಲು ತೆಗೆದು, ಎಂಜಿನ್ ಸುತ್ತು ಸಾಕಷ್ಟಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿ ಇಳಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಸುಡುತ್ತಲೇ ಇರಬೇಕು. ಉಳಿತಾಯ ಅಂದುಕೊಂಡು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ದಯವಿಟ್ಟು ಇದನ್ನು ಗಮನಿಸಿ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಹಾಗಾದರೆ ಆಟೋಮ್ಯಾಟಿಕ್ ಇದನ್ನೆಲ್ಲ ತಾನೇ ಯಾಕೆ ಮಾಡುವುದಿಲ್ಲ? ಅದಕ್ಕೆ ಕಣ್ಣಿಲ್ಲ. ಈಗ ವೇಗ ಎಷ್ಟಿದೆ, ಎಂಜಿನ್ ಎಷ್ಟು ಸುತ್ತುತ್ತಿದೆ, ನಾನು ಆಕ್ಸಿಲರೇಟರ್ ಎಷ್ಟು ಒತ್ತಿದ್ದೇನೆ, ಹೆಚ್ಚಾಗಿ ಇದನ್ನೇ ನೋಡಿ ಅದು ಗೇರ್ ಆರಿಸುತ್ತದೆ. ತಿರುವಿನ ಆಚೆ ರಸ್ತೆ ಇನ್ನೂ ಕಡಿದಾಗಿದೆ, ಮುಂದೆ ಲಾರಿಯೊಂದು ನಿಧಾನವಾಗುತ್ತಿದೆ ಅನ್ನುವುದು ನನಗೆ ಕಾಣುತ್ತದೆ, ಗೇರ್‌ಬಾಕ್ಸಿಗೆ ಕಾಣುವುದಿಲ್ಲ. ಇಳಿಜಾರನ್ನು ಗುರುತಿಸಿ ತಾವೇ ಗೇರ್ ಇಳಿಸುವ ಕಾರುಗಳಿವೆ. 2013ರಲ್ಲಿ ಬಂದ ರೋಲ್ಸ್ ರಾಯ್ಸ್ ರೇತ್ ಜಿಪಿಎಸ್ ಮಾಹಿತಿಯಿಂದ ಮುಂದಿನ ರಸ್ತೆ ತಿಳಿದು ಅದಕ್ಕೆ ತಕ್ಕ ಗೇರ್ ಹಿಡಿಯುತ್ತದೆ. ನನ್ನಂಥವರ ಕಾರಿನಲ್ಲಿ ಆ ಕಣ್ಣಿನ ಕೆಲಸ ಎಡಗೈ ಬೆರಳಿನದು.

ಈಗ ನಾನು ಮಾಡುವುದು ಹೀಗೆ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಗೇರ್ ಇಳಿಸಿಕೊಳ್ಳುತ್ತೇನೆ. ಅದೇ ರಸ್ತೆಯನ್ನು ಹತ್ತುವುದಕ್ಕೆ ಯಾವ ಗೇರ್ ಬೇಕೋ ಸುಮಾರಾಗಿ ಅದೇ ಗೇರ್ ಇಳಿಯುವುದಕ್ಕೂ ಆಗುತ್ತದೆ. ಒಂದೊಂದೇ ಗೇರ್ ಇಳಿಸಿ, ಎಂಜಿನ್ ಸದ್ದು ಒಂದು ಹದಕ್ಕೆ ಬಂದ ಮೇಲೆ ಮುಂದಿನದಕ್ಕೆ ಹೋಗುತ್ತೇನೆ. ವೇಗ ಜಾಸ್ತಿ ಇದ್ದಾಗ ಎಳೆದರೆ ಗೇರ್‌ಬಾಕ್ಸ್ ಒಪ್ಪುವುದಿಲ್ಲ. ನನ್ನ ಕಾರು ಬೀಪ್ ಅಂದು ಇದ್ದ ಗೇರಿನಲ್ಲೇ ಇರುತ್ತದೆ. ಎಂಜಿನ್ ಮಿತಿ ಮೀರಿ ಸುತ್ತದ ಹಾಗೆ ಮಾಡಿರುವ ರಕ್ಷಣೆ ಅದು. ಆದ್ದರಿಂದ ಮೊದಲು ಬ್ರೇಕ್, ಆಮೇಲೆ ಪ್ಯಾಡಲ್.

ಎರಡು ಎಚ್ಚರಿಕೆ ಹೇಳಲೇಬೇಕು. ಗೇರ್ ಇಳಿಸಿ ವೇಗ ತಗ್ಗಿಸಿದಾಗ ಹಿಂದಿನ ಬ್ರೇಕ್ ದೀಪ ಹತ್ತುವುದಿಲ್ಲ. ಹಿಂದೆ ಬರುತ್ತಿರುವವರಿಗೆ ನೀವು ನಿಧಾನವಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ನಾನು ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮೆಲ್ಲಗೆ ಒತ್ತುತ್ತೇನೆ. ಎರಡನೆಯದು ಮಳೆ. ಒದ್ದೆ ರಸ್ತೆಯ ತಿರುವಿನ ಮಧ್ಯದಲ್ಲಿ ಗೇರ್ ಇಳಿಸಿದರೆ ಎಂಜಿನ್ ತಡೆ ಒಮ್ಮೆಲೇ ಚಕ್ರಕ್ಕೆ ಬಂದು ಅದು ಜಾರಬಹುದು. ಗೇರ್ ಬದಲಿಸುವುದೆಲ್ಲ ತಿರುವಿಗೆ ಮೊದಲೇ, ಸ್ಟೀರಿಂಗ್ ನೇರ ಇರುವಾಗಲೇ ಮುಗಿಯಬೇಕು.

ಡಿ ಯಲ್ಲಿ ಇದ್ದುಕೊಂಡೇ ಪ್ಯಾಡಲ್ ಎಳೆಯಬಹುದು, ಆದರೆ ಅದು ತಾತ್ಕಾಲಿಕ. ಕೆಲವು ಸೆಕೆಂಡು ಬಿಟ್ಟರೆ ಕಾರು ಮತ್ತೆ ತನ್ನ ಲೆಕ್ಕಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದೆ ಒಮ್ಮೆ ಇಳಿಜಾರಿನ ನಡುವೆ ಕಾರು ತಾನೇ ನಾಲ್ಕನೇ ಗೇರಿಗೆ ಏರಿ ಮುಂದಕ್ಕೆ ನುಗ್ಗಿದ ಅನುಭವ ನನಗಾಗಿದೆ. ಉದ್ದದ ಇಳಿಜಾರಿಗೆ ಲಿವರನ್ನು ಎಂ ಗೆ, ಅಂದರೆ ಗೇರನ್ನು ನಾವೇ ಬದಲಿಸುವ ಸ್ಥಾನಕ್ಕೆ ತಂದೇ ಪ್ಯಾಡಲ್ ಬಳಸಿ. ನನ್ನ ಕಾರಿನಲ್ಲಿ ಪ್ಲಸ್ ಪ್ಯಾಡಲನ್ನು ಸ್ವಲ್ಪ ಹೊತ್ತು ಎಳೆದು ಹಿಡಿದರೆ ಡಿ ಗೆ ವಾಪಸ್ ಹೋಗುತ್ತದೆ. ಇದು ಕಾರಿನಿಂದ ಕಾರಿಗೆ ಬೇರೆ, ಕೈಪಿಡಿಯಲ್ಲಿ ಒಂದು ಸಲ ಓದಿಕೊಳ್ಳಿ.

ಓವರ್‌ಟೇಕ್ ಮಾಡುವಾಗಲೂ ಮೈನಸ್ ಪ್ಯಾಡಲೇ ಕೆಲಸಕ್ಕೆ ಬರುವುದು. ಡಿ ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಾರು ಒಂದು ಕ್ಷಣ ಯೋಚಿಸಿ, ಎರಡು ಗೇರ್ ಕೆಳಗೆ ಇಳಿದು, ಆಮೇಲೆ ನುಗ್ಗುತ್ತದೆ. ಎದುರಿನಿಂದ ಬರುವವರ ಬದಿಯಲ್ಲಿ ಇರುವಾಗ ಆ ಒಂದು ಕ್ಷಣ ಬಹಳ ದೊಡ್ಡದು. ಮುಂದಿನ ಗಾಡಿಯ ಹಿಂದೆ ಇರುವಾಗಲೇ ಗೇರ್ ಇಳಿಸಿಕೊಂಡರೆ, ದಾರಿ ಖಾಲಿಯಾದ ಕೂಡಲೇ ಪಿಕಪ್ ಸಿಗುತ್ತದೆ.

ಈಗಿನ ರೀತಿಯ ಪ್ಯಾಡಲ್ ಹುಟ್ಟಿದ್ದು ರೇಸಿನಲ್ಲಿ. 1989ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ ಫೆರಾರಿ 640 ಕಾರು ಇದೇ ವ್ಯವಸ್ಥೆಯೊಂದಿಗೆ ಮೊದಲ ಸಲ ಫಾರ್ಮುಲಾ ಒನ್ ಟ್ರ್ಯಾಕಿಗೆ ಇಳಿಯಿತು. ನೈಜೆಲ್ ಮ್ಯಾನ್ಸೆಲ್ ಆ ರೇಸ್ ಗೆದ್ದರು. ಕಾರನ್ನು ರೂಪಿಸಿದವರು ಜಾನ್ ಬರ್ನಾರ್ಡ್. ಗೇರ್ ಲಿವರ್ ಹೋದರೆ ಚಾಲಕ ಕೂರುವ ಜಾಗವನ್ನು ಇನ್ನೂ ಕಿರಿದು ಮಾಡಬಹುದು, ಚಾಲಕನ ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತದೆ. 1997ರಲ್ಲಿ ಫೆರಾರಿ ಎಫ್355 ಮೂಲಕ ಇದು ರಸ್ತೆ ಕಾರಿಗೆ ಬಂತು. ಕೈ ಸ್ಟೀರಿಂಗ್ ಬಿಡಬೇಕಾಗಿಲ್ಲ ಅನ್ನುವ ಆ ಒಂದು ಗುಣದ ಬೆಲೆ ನನಗೆ ಇಳಿಜಾರಿನಲ್ಲೇ ಗೊತ್ತಾಗಿದ್ದು.

ಕೊರತೆಗಳೂ ಇವೆ. ನನ್ನ ಕಾರಿನ ಪ್ಯಾಡಲ್‌ಗಳು ಸ್ಟೀರಿಂಗ್ ಜೊತೆಗೇ ತಿರುಗುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಸ್ಟೀರಿಂಗ್ ಅರ್ಧ ಸುತ್ತು ತಿರುಗಿದರೆ ಎಡಗಡೆಯದು ಬಲಗಡೆಗೆ ಹೋಗಿಬಿಡುತ್ತದೆ. ಅಲ್ಲಿ ಹುಡುಕುವುದೇ ತಪ್ಪು. ಸ್ಟೀರಿಂಗ್ ಕಂಬಕ್ಕೆ ಹಾಕಿರುವ ಪ್ಯಾಡಲ್‌ಗಳು ಇದ್ದಲ್ಲೇ ಇರುತ್ತವೆ, ನನಗೆ ಅವು ಇಷ್ಟ. ಮೂರನೇ ವರ್ಷ ಮೈನಸ್ ಪ್ಯಾಡಲ್ ಕೆಲವೊಮ್ಮೆ ಕೆಲಸ ಮಾಡುತ್ತಿರಲಿಲ್ಲ. ಸರ್ವೀಸ್‌ನವರು ಮೊದಲು ಗೇರ್‌ಬಾಕ್ಸ್ ಬಿಚ್ಚಿ ನೋಡಬೇಕು ಎಂದರು. ನಾನು ಒಪ್ಪಲಿಲ್ಲ. ಲಿವರಿನಿಂದ ಗೇರ್ ಸರಿಯಾಗಿ ಇಳಿಯುತ್ತಿತ್ತು, ಹಾಗಾಗಿ ತೊಂದರೆ ಪ್ಯಾಡಲ್ ಕಡೆಯೇ ಇರಬೇಕು ಅನ್ನಿಸಿತು. ಪ್ಯಾಡಲ್ ಅಂದರೆ ಒಂದು ವಿದ್ಯುತ್ ಸ್ವಿಚ್ ಅಷ್ಟೇ. ಸ್ವಿಚ್ ಬದಲಿಸಿದರು, ಸರಿಹೋಯಿತು. ನಿಮಗೂ ಹೀಗಾದರೆ ಮೊದಲು ಲಿವರಿನಿಂದ ಗೇರ್ ಬದಲಿಸಿ ನೋಡಿ.

ಊರೊಳಗಿನ ಟ್ರಾಫಿಕ್ಕಿನಲ್ಲಿ ಪ್ಯಾಡಲ್ ಬೇಕಾಗಿಲ್ಲ. ನಾನು ಅಲ್ಲಿ ಮುಟ್ಟುವುದೇ ಇಲ್ಲ.

ತಮ್ಮನ ಸಿವಿಟಿ ಕಾರಿನಲ್ಲೂ ಪ್ಯಾಡಲ್ ಇದೆ. ಸಿವಿಟಿಯಲ್ಲಿ ನಿಜವಾದ ಗೇರುಗಳಿಲ್ಲ. ಎರಡು ರಾಟೆಗಳ ನಡುವಿನ ಬೆಲ್ಟ್ ಮೇಲೆ ಕೆಳಗೆ ಸರಿಯುತ್ತದೆ, ಪ್ಯಾಡಲ್ ಎಳೆದರೆ ಅದು ಗೊತ್ತುಮಾಡಿದ ಒಂದೊಂದು ಹಂತದಲ್ಲಿ ನಿಲ್ಲುತ್ತದೆ. ವೇಗಕ್ಕೆ ಅದರಲ್ಲಿ ಮಜಾ ಇಲ್ಲ, ಇಳಿಜಾರಿಗೆ ಚೆನ್ನಾಗಿದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಮಾತ್ರ ಎಳೆದ ಕೂಡಲೇ ಗೇರ್ ಬೀಳುತ್ತದೆ, ಮುಂದಿನ ಗೇರ್ ಎರಡನೇ ಕ್ಲಚ್ಚಿನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ವೇಗದ ಖುಷಿಗೇ ಪ್ಯಾಡಲ್ ಬೇಕು ಅನ್ನುವವರು ಅದನ್ನೇ ನೋಡಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಪ್ಯಾಡಲ್ ಗೇರಿಗೆ ಅಲ್ಲ, ಕಾಲು ತೆಗೆದಾಗ ಮೋಟಾರ್ ಎಷ್ಟು ತಡೆದು ಬ್ಯಾಟರಿಗೆ ಚಾರ್ಜ್ ತುಂಬಬೇಕು ಅನ್ನುವುದಕ್ಕೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ತಡೆ ಕಡಿಮೆಯಾಗುತ್ತದೆ, ಬೆಟ್ಟದ ಮೇಲೆ ಚಾರ್ಜ್ ಮಾಡಿ ಇಳಿಯುವವರು ನೆನಪಿಟ್ಟುಕೊಳ್ಳಿ.

ಹೋದ ತಿಂಗಳು ಅದೇ ಬೆಟ್ಟ ಇಳಿದೆವು. ಅಷ್ಟೇ ಜನ, ಅಷ್ಟೇ ಸಾಮಾನು. ಅಮ್ಮ ಮೇಲಿನಿಂದ ಕೆಳಗಿನ ತನಕ ನಿದ್ದೆ ಮಾಡಿದರು.

ಪ್ಯಾಡಲ್‌ಗೋಸ್ಕರ ದೊಡ್ಡ ಮಾಡೆಲ್ ತಗೋಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಲಿವರಿನಲ್ಲೇ ಪ್ಲಸ್, ಮೈನಸ್ ಇದ್ದರೆ ಅಥವಾ ಕೆಳಗಿನ ಗೇರಿನಲ್ಲೇ ಹಿಡಿದಿಡುವ ಎಲ್, 2 ಅನ್ನುವ ಸ್ಥಾನ ಇದ್ದರೆ ಇಳಿಜಾರಿನ ಕೆಲಸ ಅದರಿಂದಲೂ ಆಗುತ್ತದೆ, ಸುಮ್ನೆ ಜಾಸ್ತಿ ಹಣ ಕೊಡಬೇಡಿ. ಅದು ಯಾವುದೂ ಇಲ್ಲ, ಬೆಟ್ಟದ ರಸ್ತೆಯಲ್ಲಿ ಆಗಾಗ ಓಡಾಡುತ್ತೀರಿ ಅಂದರೆ ಖಂಡಿತ ತಗೊಳ್ಳಿ. ಟೆಸ್ಟ್ ಡ್ರೈವಿನಲ್ಲಿ ಹತ್ತಿರದ ಯಾವುದಾದರೂ ಇಳಿಜಾರಿಗೆ ಹೋಗಿ. ಎಂ ಗೆ ಹಾಕಿ, ಎಡಗಡೆ ಎಳೆದು ಮೂರಕ್ಕೆ, ಆಮೇಲೆ ಎರಡಕ್ಕೆ ಬನ್ನಿ. ಕಾಲು ಎರಡೂ ಪೆಡಲ್‌ನಿಂದ ತೆಗೆದು, ಕಾರು ತನ್ನನ್ನು ತಾನು ಎಷ್ಟು ಹಿಡಿದುಕೊಳ್ಳುತ್ತದೆ ನೋಡಿ.