ಎಜುಕೇಶನ್ ಲೋನ್ ಜೊತೆ ವಿಮೆ ಅಂಟಿಸ್ತಾರೆ, ಓಟಿಪಿ ಹೇಳೋ ಮುಂಚೆ ಓದಿ

ಮಗಳ ಇಂಜಿನಿಯರಿಂಗ್ ಓದಿಗೆ 7 ಲಕ್ಷ ಸಾಲ. 7.5 ಲಕ್ಷದೊಳಗಾದರೆ ಆಸ್ತಿ ಅಡವಿಡಬೇಕಿಲ್ಲ ಅಂತ ಗೊತ್ತಿತ್ತು. 4 ಲಕ್ಷ ದಾಟಿದರೆ ಶೇ 5 ಮಾರ್ಜಿನ್ ನಮ್ಮ ಕೈಯಿಂದ ಅಂತಲೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಮುಗ್ಗರಿಸಿದ್ದು ಒಂದು ಓಟಿಪಿಯಲ್ಲಿ.

ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 1,84,000. ಮಾರ್ಜಿನ್ 9,200 ಕಟ್ಟಿಸಿಕೊಂಡು ಬ್ಯಾಂಕು 1,74,800 ಕಳಿಸಿತು. ಸರಿ. ಆಮೇಲೆ ಸ್ಟೇಟ್‌ಮೆಂಟ್ ನೋಡಿದರೆ ಬಾಕಿ 2,21,300! ಅದೇ ದಿನ, ಕೆಳಗಿನ ಸಾಲಿನಲ್ಲಿ 46,500. ವಿಮೆಯ ಸಿಂಗಲ್ ಪ್ರೀಮಿಯಂ, ಅಂದರೆ ಒಂದೇ ಸಲಕ್ಕೆ ಕಟ್ಟುವ ಪೂರ್ತಿ ಹಣ. ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದು ಇಷ್ಟೇ: "ಸಾರ್, ಲೋನ್ ಪ್ರೋಸೆಸ್‌ಗೆ ಒಂದು ಓಟಿಪಿ ಬಂದಿರುತ್ತೆ, ಹೇಳಿ." ಹೇಳಿದವನು ನಾನೇ. ಆ ಮೆಸೇಜಿನಲ್ಲೇ ವಿಮೆ ಕಂಪನಿಯ ಹೆಸರಿತ್ತು, ಆರು ಅಂಕಿ ಬಿಟ್ಟು ಬೇರೇನೂ ಓದಲಿಲ್ಲ. ನಾಚಿಕೆಯಾಗುತ್ತೆ, ಆದರೂ ಬರೀತಿದೀನಿ.

ಹೋಗಿ ಕೇಳಿದರೆ, "ಲೋನ್ ಜೊತೆ ಇದು ಬಂದೇ ಬರುತ್ತೆ ಸಾರ್, ಎಲ್ಲರಿಗೂ ಹಾಕ್ತೀವಿ." ಕಡ್ಡಾಯ ಅಂತ ಬರೆದುಕೊಡಿ ಅಂದೆ. "ಅದೆಲ್ಲ ಸಿಸ್ಟಮ್‌ನಲ್ಲಿ ಇರುತ್ತೆ." ಮ್ಯಾನೇಜರ್ ಹತ್ತಿರ ಹೋದರೆ, "ನಿಮ್ಮ ಮಗಳ ಭದ್ರತೆಗೇ ತಾನೇ? ಸಹಿ ನಿಮ್ಮದೇ ಅಲ್ವಾ?" ರದ್ದು ಮಾಡಿ ಅಂದಾಗ ಬಂದ ಮಾತು ಇನ್ನೂ ಕಿವಿಯಲ್ಲಿದೆ: "ಮಾಡಬಹುದು, ಮುಂದಿನ ವರ್ಷದ ಫೀಸು ರಿಲೀಸ್ ಆಗೋವಾಗ ಕಷ್ಟ ಆಗುತ್ತೆ ನೋಡಿ." ಇದಕ್ಕೆ ಏನನ್ನಬೇಕು?

ಕೊನೆಗೆ "ಪಾಲಿಸಿ ಬಾಂಡ್ ಬರಲಿ, ನೋಡೋಣ" ಅಂತ ಸಾಗಹಾಕಿದರು. ಬಾಂಡ್ ಆಗಲೇ ಮಗಳ ಇಮೇಲ್‌ಗೆ ಬಂದು ಕೂತಿತ್ತು. ಕೈಗೆ ಸಿಕ್ಕ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ ಸಣ್ಣ ಕಡಿತ ಬಿಟ್ಟು ಹಣ ವಾಪಸ್. ನಾವು ತೆರೆದು ನೋಡಿದ್ದು 41ನೇ ದಿನ.

46,500 ತಾನೇ ಅನ್ನಬೇಡಿ. ಶೇ 10.5ರಂತೆ, ಓದಿನ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ, ಬರೀ ಸರಳ ಬಡ್ಡಿಯೇ 24,400 ಚಿಲ್ಲರೆ. ಕಂತು ಶುರುವಾಗುವ ಹೊತ್ತಿಗೆ ಹತ್ತಿರ ಹತ್ತಿರ 71,000. ಅದಕ್ಕಿಂತ ದೊಡ್ಡ ಏಟು ಬೇರೆ ಇದೆ: ಪ್ರೀಮಿಯಂ ಹೋಗಿದ್ದು ಆ 7 ಲಕ್ಷದ ಒಳಗಿಂದಲೇ. ಅಂದರೆ ಕೊನೆಯ ವರ್ಷದ ಫೀಸಿಗೆ ಅಷ್ಟೇ ಹಣ ಕಮ್ಮಿ ಬೀಳುತ್ತೆ, ಆಗ ಕೈಸಾಲ ಮಾಡಬೇಕು.

ವಿಮೆಯೇ ಕೆಟ್ಟದ್ದು ಅಂತಲ್ಲ. ಬೇಕಾದರೆ ನಾವೇ ಬೇರೆ ಕಡೆ ವಿಚಾರಿಸಿ ಮಾಡಿಸ್ತೀವಿ. ಇವರ ಹತ್ತಿರವೇ ಮಾಡಿಸಬೇಕು ಅನ್ನೋದು ದಬ್ಬಾಳಿಕೆ.

ಸಹಿಗೆ ಮುಂಚೆ ಕೆಎಫ್‌ಎಸ್ ಕೇಳಿ, ಅಂದರೆ ಸಾಲದ ಬಡ್ಡಿ, ಶುಲ್ಕ ಎಲ್ಲ ಒಂದೇ ಕಡೆ ಬರೆದಿರುವ ಪತ್ರ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್). 2024ರ ಅಕ್ಟೋಬರ್ 1ರಿಂದ ಕಡ್ಡಾಯ, ನಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ಯೋಚಿಸಲು ಕನಿಷ್ಠ ಮೂರು ಕೆಲಸದ ದಿನವೂ ಸಿಗಬೇಕು. ನಮಗೆ ಅದನ್ನು ಕೊಟ್ಟಿದ್ದು ಸಹಿ ಹಾಕುವ ಕಟ್ಟಿನ ಮಧ್ಯೆ, ಪುಟ ಮಡಚಿ ಇಂಟು ಮಾರ್ಕು ಮಾತ್ರ ತೋರಿಸಿ! ಅದರಲ್ಲಿ ಮೂರನೆಯವರಿಗೆ ಹೋಗುವ ಹಣ ಅಂತ ಒಂದು ಸಾಲಿದೆ, ಮೊದಲು ಅಲ್ಲಿ ಬೆರಳಿಡಿ. ಅಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ಓಟಿಪಿ ಹೇಳಿದರೆ ಅದೇ ಒಪ್ಪಿಗೆ ಅಂತಾರೆ, ನೆನಪಿರಲಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಕೌಂಟರಿನಲ್ಲಿ ವಾದ ಮಾಡುತ್ತಾ ದಿನ ಕಳೆಯಬೇಡಿ, ಆ ತಪ್ಪು ಮಾಡಿ ಆಗಿದೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ನಂಬರ್ ತಗೊಳ್ಳಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ, ಸಹಾಯವಾಣಿ 14448. ನಮ್ಮದು ಇವತ್ತಿಗೆ 19ನೇ ದಿನ.