ಆಲ್ದೂರಿನ ಮಳೆಗೆ ಯಾವ ಮೇಜು: ರೆಡಿಮೇಡ್, ಕಬ್ಬಿಣ, ಸಿಲ್ವರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸಿಲ್ವರ್ ಮರದ, ಅಂದರೆ ಸಿಲ್ವರ್ ಓಕ್‌ನ ಮೇಜಿಗೆ. ಇದನ್ನು ಬರೆಯುತ್ತಿರುವುದೂ ಅದರ ಮೇಲೆಯೇ. ಆದರೆ ಇದಕ್ಕೂ ಮುಂಚೆ ಈ ಕೋಣೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಮೇಜೊಂದು ಇತ್ತು. ಅದು ಹೋದ ಮೇಲೆ ಸೆಕೆಂಡ್ ಹ್ಯಾಂಡ್ ಕಬ್ಬಿಣದ ಮೇಜು ಬಂತು. ಮೂರೂ ಇದೇ ಕೋಣೆಯಲ್ಲಿ, ಇದೇ ಪಡುವಣ ಗೋಡೆಯ ಪಕ್ಕದಲ್ಲಿ ಮಳೆಗಾಲ ಕಂಡಿವೆ. ಹಾಗಾಗಿ ಒಂದರ ಪಕ್ಕ ಒಂದನ್ನಿಟ್ಟು ಮಾತನಾಡಬಹುದು.

ನಮ್ಮ ಮನೆ ಇರುವುದು ಆಲ್ದೂರಿನ ಹತ್ತಿರ, ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ. ನನ್ನದು ಲೆಕ್ಕಪತ್ರದ ಕೆಲಸ: ಒಂದಷ್ಟು ಹೋಂಸ್ಟೇಗಳು, ಕಾಫಿ ಮತ್ತು ಮೆಣಸಿನ ವ್ಯಾಪಾರಿಗಳು, ಗೊಬ್ಬರದ ಅಂಗಡಿಗಳು, ಇವರೆಲ್ಲರ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ತಿಂಗಳ 11ಕ್ಕೆ ಒಂದು ಗಡುವು, 20ಕ್ಕೆ ಇನ್ನೊಂದು. ಕಂಪ್ಯೂಟರಿನಲ್ಲೇ ಎಲ್ಲ ಮುಗಿಯುತ್ತದೆ ಎಂಬುದು ಹೇಳಲು ಚೆಂದ. ವ್ಯಾಪಾರಿಗಳು ಬಿಲ್ಲುಗಳನ್ನು ಇವತ್ತಿಗೂ ಅಕ್ಕಿ ಚೀಲದಲ್ಲಿ ತುಂಬಿ ಕಳುಹಿಸುತ್ತಾರೆ. ಅವನ್ನು ಹರವಿಕೊಳ್ಳಲು ದೊಡ್ಡ ಮೇಜು ಬೇಕು. ಕೋಣೆಗೆ ಅಂದಾಜು ಮಾಡಿದ್ದು 15,000 ರೂಪಾಯಿ. ಮೇಜು, ಕುರ್ಚಿ, ದೀಪ, ಗೋಡೆ ಎಲ್ಲವೂ ಅದರೊಳಗೇ ಆಗಬೇಕಿತ್ತು.

ನೋಟಕ್ಕೆ ಗೆದ್ದದ್ದು ರೆಡಿಮೇಡ್ ಮೇಜೇ. ಬಿಳಿ ಮೇಲ್ಮೈ, ಕಂದು ಬಣ್ಣದ ಹಲಗೆ ಕಾಲುಗಳು, ಒಂದು ಡ್ರಾಯರ್, ಪಕ್ಕದಲ್ಲಿ ಕಡತ ಇಡಲು ಎರಡು ಅಂತಸ್ತು. ಬೆಲೆ 6,500ರ ಸುತ್ತಮುತ್ತ. ಜೋಡಿಸಲು ಬೇಕಾದ ಕೀಲಿಯೂ ಪೆಟ್ಟಿಗೆಯಲ್ಲೇ ಇತ್ತು. ಚಿಕ್ಕಮಗಳೂರಿನಿಂದ ಗೂಡ್ಸ್ ಆಟೋದಲ್ಲಿ ತಂದು, ಸಂಜೆಯೊಳಗೆ ಜೋಡಿಸಿ, ಮೇಲೊಂದು ಮನಿ ಪ್ಲಾಂಟ್ ಇಟ್ಟರೆ ಕೋಣೆಗೆ ಬೇರೆಯೇ ಕಳೆ ಬಂತು. ವಿಡಿಯೊ ಕರೆಯಲ್ಲಿ ಬೆಂಗಳೂರಿನ ಆಡಿಟರ್ ಕೂಡ ಹೊಗಳಿದರು. ಅದು ಫೆಬ್ರುವರಿ ತಿಂಗಳು. ಫೆಬ್ರುವರಿಯಲ್ಲಿ ಮಲೆನಾಡಿನಲ್ಲಿ ಎಲ್ಲ ಮೇಜುಗಳೂ ಒಳ್ಳೆಯವೇ.

ಆರಿದ್ರಾ ಮಳೆಗೆ ಡ್ರಾಯರ್ ಬಿಗಿಯಾಯಿತು. ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಇಲ್ಲಿ ಮಳೆಗಾಲದಲ್ಲಿ ಬಾಗಿಲುಗಳೂ ಬಿಗಿಯಾಗುತ್ತವೆ. ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿದೆ. ಪುನರ್ವಸು ಮಳೆ ಹಿಡಿದಾಗ ಡ್ರಾಯರ್ ಪೂರ್ತಿ ಕಚ್ಚಿಕೊಂಡಿತು, ಒಳಗೆ ಗ್ರಾಹಕರೊಬ್ಬರ ಡಿಜಿಟಲ್ ಸಹಿಯ ಪೆನ್ ಡ್ರೈವ್ ಸಿಕ್ಕಿಹಾಕಿಕೊಂಡಿತ್ತು, 20ನೇ ತಾರೀಕು ಹತ್ತಿರ ಬಂದಿತ್ತು. ಕೊನೆಗೆ ಹಿಂಬದಿಯ ಹಲಗೆ ಬಿಚ್ಚಿ ಕೈಹಾಕಿ ತೆಗೆಯಬೇಕಾಯಿತು. ಬಿಚ್ಚಿದಾಗಲೇ ಗೊತ್ತಾದದ್ದು, ಗೋಡೆಯ ಕಡೆಗಿದ್ದ ಆ ತೆಳು ಹಲಗೆಗೆ ಲ್ಯಾಮಿನೇಟ್ ಇರಲಿಲ್ಲ, ಅದರ ತುಂಬ ಹಸಿರು ಬೂಷ್ಟು ಹರಡಿತ್ತು.

ಬೂಷ್ಟನ್ನು ಒರೆಸಬಹುದು. ಒರೆಸಲಾಗದ ಕಾಟ ಕಾಲುಗಳಲ್ಲಿ ಶುರುವಾಗಿತ್ತು. ಇಂಥ ಮೇಜುಗಳಿಗೆ ನಾಲ್ಕು ಕಾಲು ಇರುವುದಿಲ್ಲ, ಎರಡೂ ಪಕ್ಕಕ್ಕೆ ಅಗಲವಾದ ಹಲಗೆಯೇ ಕಾಲು. ಹಲಗೆಯ ಅಂಚುಗಳಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರೆ, ಆದರೆ ನನ್ನ ಮೇಜಿನಲ್ಲಿ ನೆಲಕ್ಕೆ ತಾಗುವ ಅಂಚನ್ನು ಹಾಗೆಯೇ ಬಿಟ್ಟಿದ್ದರು. ಅದು ಯಾರಿಗೂ ಕಾಣುವುದಿಲ್ಲವಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಅದರ ಮೇಲೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಪದ್ಧತಿ. ಕಾಲಿನ ಹಲಗೆ ಆ ನೀರನ್ನೆಲ್ಲ ಕೆಳಗಿನಿಂದ ಸದ್ದಿಲ್ಲದೆ ಕುಡಿದಿದೆ. ಜುಲೈ ಮುಗಿಯುವಷ್ಟರಲ್ಲಿ ಬುಡ ಎರಡು ಬೆರಳಷ್ಟು ಎತ್ತರಕ್ಕೆ ಊದಿಕೊಂಡು, ಬಣ್ಣದ ಪದರ ಬಿರುಕು ಬಿಟ್ಟು, ಒಳಗಿನ ಹೊಟ್ಟು ಹೊರಬಂತು. ವೈರು ಇಳಿಸಲು ಮೇಲ್ಮೈಯಲ್ಲಿ ಕೊರೆದಿದ್ದ ತೂತಿನ ಸುತ್ತಲೂ ಅದೇ ಕಥೆ.

ಪಾರ್ಟಿಕಲ್ ಬೋರ್ಡಿನ ಗುಣವೇ ಅದು. ಮರದ ಚಕ್ಕೆ, ಪುಡಿಗಳನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಒಣ ಕೋಣೆಗೆ ಅದು ಸಾಕು, ನೀರಿಗೆ ನಿಲ್ಲುವುದಿಲ್ಲ. ಒತ್ತಿ ಕೂರಿಸಿದ ಚಕ್ಕೆಗಳು ನೀರು ಕುಡಿದು ಒಮ್ಮೆ ಬಿಚ್ಚಿಕೊಂಡರೆ ಮುಗಿಯಿತು, ಒಣಗಿದ ಮೇಲೂ ಹಲಗೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಊದಿದ ಜಾಗದಲ್ಲಿ ಸ್ಕ್ರೂ ಹಿಡಿಯುವುದೂ ಇಲ್ಲ. ತಿರುಗಿಸಿದಷ್ಟೂ ತಿರುಗುತ್ತದೆ, ಜೊತೆಗೆ ಪುಡಿ ಉದುರುತ್ತದೆ. ಕೂದಲು ಒಣಗಿಸುವ ಯಂತ್ರ ಹಿಡಿದು ನೋಡಿದೆ, ಅಂಚಿಗೆ ಫೆವಿಕಾಲ್ ಸವರಿದೆ, ಮಳೆಗಾಲದಲ್ಲಿ ಬಟ್ಟೆಯ ಬೀರುವಿನಲ್ಲಿ ಬಲ್ಬ್ ಉರಿಸಿಡುವ ಹಾಗೆ ಮೇಜಿನ ಕೆಳಗೂ ಒಂದು ಬಲ್ಬ್ ಉರಿಸಿಟ್ಟೆ. ಹಿಂದಿನ ಮನೆಗಳಲ್ಲಾದರೆ ಅಡುಗೆ ಒಲೆಯ ಮೇಲಿನ ಅಟ್ಟ ಇತ್ತು, ಹೊಗೆ ತಾಗುವಲ್ಲಿ ಯಾವುದಕ್ಕೂ ಬೂಷ್ಟು ಬರುತ್ತಿರಲಿಲ್ಲ. ಮೇಜನ್ನು ಅಟ್ಟಕ್ಕೆ ಏರಿಸಿ ಕೆಲಸ ಮಾಡಲು ಆಗುತ್ತದೆಯೇ?

ಮಾರಿದವರಿಗೆ ಚಿತ್ರ ಕಳುಹಿಸಿದೆ. ತೇವದಿಂದಾದ ಹಾನಿ ವಾರಂಟಿಗೆ ಬರುವುದಿಲ್ಲ, ಮೇಜನ್ನು ನೀರಿನಿಂದ ದೂರ ಇಡಬೇಕು ಎಂದು ಉತ್ತರ ಬಂತು. ಜುಲೈನಲ್ಲಿ ಆಲ್ದೂರಿನವರು ನೀರಿನಿಂದ ದೂರ ಇರಬೇಕೆಂದರೆ ಕಡೂರಿಗೆ ಹೋಗಬೇಕು.

ತಮಾಷೆಗೆ ಹೇಳಿದ್ದಲ್ಲ. ನನ್ನ ಅಕ್ಕನ ಮನೆ ಕಡೂರಿನಲ್ಲೇ ಇದೆ, ಅವಳ ಮಗನಿಗೆ ಓದಲು ಇದೇ ಮೇಜನ್ನು ತರಿಸಿದ್ದಾಳೆ. ಇವತ್ತಿಗೂ ಅದರ ಡ್ರಾಯರ್ ಒಂದೇ ಬೆರಳಿಗೆ ಜಾರುತ್ತದೆ. ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು 40 ಕಿಲೋಮೀಟರ್, ಅಷ್ಟೇ. ಆದರೆ ನೈರುತ್ಯದ ಮೋಡಗಳು ಘಟ್ಟದಲ್ಲಿ, ಬಾಬಾಬುಡನ್ ಗಿರಿಸಾಲಿನಲ್ಲಿ ಮಳೆಯನ್ನು ಸುರಿದು ಹಗುರಾಗಿ ಆಚೆ ದಾಟುತ್ತವೆ. ಜಿಲ್ಲೆ ಒಂದೇ ಆದರೂ ಅತ್ತ ಕಡೆಯದು ಬಯಲುಸೀಮೆ. ಆನ್‌ಲೈನ್‌ನಲ್ಲಿ ಆ ಮೇಜಿಗೆ ಐದು ನಕ್ಷತ್ರ ಕೊಟ್ಟವರೆಲ್ಲ ಸುಳ್ಳು ಹೇಳಿರಲಿಕ್ಕಿಲ್ಲ. ಅವರು ಎಲ್ಲಿಂದ ಬರೆಯುತ್ತಿದ್ದಾರೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಅಕ್ಕನಂತೂ "ಮೇಜು ಚೆನ್ನಾಗಿಯೇ ಇದೆ ಕಣೇ, ನೀನು ಮನೆ ಬದಲಾಯಿಸು" ಎಂದು ನಕ್ಕಳು.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕಡೆ ಅಂಗಡಿಗಳಲ್ಲಿ ಪ್ಲೈವುಡ್ ಮೇಜುಗಳನ್ನೂ ನೋಡಿ ಬಂದೆ. ಐಎಸ್ 710 ದರ್ಜೆಯ ಪ್ಲೈವುಡ್ ಆದರೆ ನಮ್ಮ ಮಳೆಗೆ ಖಂಡಿತ ನಿಲ್ಲುತ್ತದೆ; ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟು ಪರೀಕ್ಷಿಸುವ ದರ್ಜೆ ಅದು. ಅಡುಗೆಮನೆಯ ಕಪಾಟುಗಳಿಗೆ ಹಾಕಿಸುತ್ತಾರೆ. ಆದರೆ ಅದರಲ್ಲಿ ಮಾಡಿದ ಮೇಜೊಂದೇ ನನ್ನ ಅಂದಾಜಿನ ಹಣವನ್ನೆಲ್ಲ ನುಂಗುತ್ತಿತ್ತು. ಕೈಗೆಟಕುವ ಬೆಲೆಯಲ್ಲಿದ್ದದ್ದು ಎಂ.ಆರ್. ದರ್ಜೆಯದು, ತೇವಕ್ಕೆ ಅಲ್ಪಸ್ವಲ್ಪ ತಡೆಯುತ್ತದೆ ಅಷ್ಟೇ. ಬಿದಿರು, ಬೆತ್ತದ ಪೀಠೋಪಕರಣಗಳಿಗೆ ಜಿಎಸ್‌ಟಿ ಕಡಿಮೆ, ಅದು ನನ್ನ ವೃತ್ತಿಯವರಿಗೆ ಆಕರ್ಷಕ ಸಂಗತಿಯೇ. ಆದರೆ ಬೆತ್ತದ ಹೆಣಿಗೆಯೊಳಗೆ ಸೇರಿಕೊಂಡ ಬೂಷ್ಟನ್ನು ತೆಗೆಯುವ ತಾಳ್ಮೆ ನನ್ನಲ್ಲಿಲ್ಲ.

ಕಬ್ಬಿಣದ ಮೇಜು ಬಂದದ್ದು ತುರ್ತಿಗೆ. ಮುಚ್ಚಿಹೋದ ಕಚೇರಿಯೊಂದರ ಸಾಮಾನು ಮಾರುತ್ತಿದ್ದರು, 2,500ಕ್ಕೆ ಸಿಕ್ಕಿತು. ಬೂದು ಬಣ್ಣ, ಬೀಗ ಹಾಕುವ ಡ್ರಾಯರ್‌ಗಳು, ಇಬ್ಬರು ಎತ್ತಿದರೂ ಅಲುಗದ ಭಾರ. ಊದುವುದಿಲ್ಲ, ಬೂಷ್ಟು ಬಂದರೆ ಒಂದೇ ಸಲ ಒರೆಸಿದರೆ ಹೋಗುತ್ತದೆ, ಗೆದ್ದಲಿನ ಭಯವಿಲ್ಲ. ಬಣ್ಣ ಎದ್ದ ಕಡೆಗಳಲ್ಲಿ ತುಕ್ಕು ಹಿಡಿಯಿತು. ಉಪ್ಪುಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಕೊಟ್ಟರೆ ನಿಲ್ಲುತ್ತಿತ್ತು. ಕೆಲಸಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ಡಿಸೆಂಬರ್ ಮುಂಜಾನೆ ಅದರ ಮೇಲೆ ಮೊಣಕೈ ಊರಿ ನೋಡಿ! ಡ್ರಾಯರ್ ಎಳೆದರೆ ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ನಾನು ಕೆಲಸ ಮಾಡುವುದೇ ಬೆಳಗಿನ ಜಾವ. ಇನ್ನೊಂದು ತೊಂದರೆ ಪೂರ್ತಿ ನನ್ನದೇ: ನಾನು ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿಕೊಂಡೇ ಕೂರುವವಳು. ಡ್ರಾಯರ್‌ನ ತಳ ಮೊಣಕಾಲಿಗೆ ಬಡಿಯುತ್ತಿತ್ತು.

ಸಿಲ್ವರ್‌ನ ಯೋಚನೆ ಬಂದದ್ದು ಆಚಾರಿಯವರಿಂದ. ಬಾಗಿಲು ಸರಿಮಾಡಲು ಬಂದವರು ಊದಿದ ಮೇಜನ್ನು ನೋಡಿ, "ಸುತ್ತ ತೋಟದ ತುಂಬ ಸಿಲ್ವರ್ ಇಟ್ಟುಕೊಂಡು ಹೊಟ್ಟಿನ ಮೇಜು ಯಾಕೆ ತರಿಸಿದಿರಿ ಅಮ್ಮಾ?" ಎಂದರು. ಆಸ್ಟ್ರೇಲಿಯಾ ಮೂಲದ ಈ ಮರ ನಮಗೆ ಕಾಫಿಯ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಬೇಕಾದದ್ದು. ಕಡಿದದ್ದೆಲ್ಲ ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುತ್ತದೆ. ಮನೆಯೊಳಗೆ ಇಟ್ಟುಕೊಳ್ಳಲು ತೇಗ, ಬೀಟೆ, ಹಲಸು ಇರಬೇಕೆಂಬ ಗತ್ತು ಇಲ್ಲಿನವರಿಗೆ ಇದೆ, ಹಾಗಾಗಿ ಸಿಲ್ವರ್‌ಗೆ ಮರ್ಯಾದೆ ಕಡಿಮೆ, ಬೆಲೆಯೂ ಕಡಿಮೆ. ಆದರೆ ಅದರ ಹಲಗೆಗೆ ತೋಪಡ ಹೊಡೆದು ಬೆಳಕಿಗೆ ಹಿಡಿದರೆ ಮೀನಿನ ಪೊರೆಯ ಹಾಗೆ ಹೊಳೆಯುತ್ತದೆ. ಆ ಬಿಳಿ ಲ್ಯಾಮಿನೇಟ್ ಇದರ ಮುಂದೆ ಏನೂ ಅಲ್ಲ.

ಎಚ್ಚರ ಬೇಕಾದದ್ದು ಎರಡು ಕಡೆ. ಮರ ಒಣಗಿರಬೇಕು. ಮಿಲ್ಲಿನವರು ಮೊದಲು ತೋರಿಸಿದ ಹಲಗೆಗಳನ್ನು ಆಚಾರಿ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟರು. "ಹಸಿ ಇದೆ. ಈಗ ಮಾಡಿಕೊಟ್ಟರೆ ಬೇಸಿಗೆಗೆ ಬಿಲ್ಲಿನ ಹಾಗೆ ಬಾಗುತ್ತದೆ." ಒಣಗಿದ್ದನ್ನೇ ಆರಿಸಿ ತಂದು, ನಮ್ಮ ಕಣದ ಪಕ್ಕದ ಶೆಡ್ಡಿನಲ್ಲಿ ನಡುನಡುವೆ ರೀಪು ಇಟ್ಟು ಪೇರಿಸಿ, ಇನ್ನಷ್ಟು ಕಾಲ ಗಾಳಿಗೆ ಬಿಟ್ಟರು. ಎರಡನೆಯದು ಹುಳು. ಸಿಲ್ವರ್‌ಗೆ ಕುಟ್ಟೆ ಬೇಗ ಬೀಳುತ್ತದೆ. ಬೋರಿಕ್ ಆಸಿಡ್, ಬೋರಾಕ್ಸ್ ಬೆರೆಸಿದ ನೀರನ್ನು ಹಲಗೆಗಳಿಗೆ ಕುಡಿಸಿ ಒಣಗಿಸಿದ ಮೇಲೆಯೇ ಕೆಲಸ ಶುರುವಾಯಿತು. ಕಾಲಿನ ತುದಿಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಹಳೆಯ ಮನೆಗಳ ಜಂತಿಗಳಿಗೆ ಬಳಿಯುತ್ತಿದ್ದದ್ದೂ ಅದೇ; ಕೈಗೆ ತಾಗಿದರೆ ಸುಡುತ್ತದೆ, ನೀವು ಮುಟ್ಟಬೇಡಿ. ಕಾಲುಗಳ ಕೆಳಗೆ ಕಡಪ ಕಲ್ಲಿನ ತುಂಡುಗಳನ್ನು ಇಟ್ಟಿದ್ದೇವೆ, ನೆಲ ಒರೆಸುವ ನೀರು ಮರಕ್ಕೆ ತಾಗುವುದೇ ಇಲ್ಲ.

ಐದು ಅಡಿ ಉದ್ದ, ಎರಡು ಅಡಿ ಅಗಲ. ಡ್ರಾಯರ್ ಬೇಡವೇ ಬೇಡ ಎಂದೆ. ಅಂಗಡಿಯ ಮೇಜುಗಳು ಸಾಮಾನ್ಯವಾಗಿ 30 ಇಂಚು ಎತ್ತರ ಇರುತ್ತವೆ. ನನ್ನ ಎತ್ತರಕ್ಕೆ 27 ಸಾಕೆಂದು ಆಚಾರಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಅಳೆದು ಹೇಳಿದರು. ಇದೊಂದಕ್ಕೇ ಮರದ ಮೇಜಿಗೆ ನನ್ನ ಮತ ಕೊಡಬಲ್ಲೆ, ಭುಜದ ನೋವು ಹೋಯಿತು. ಮರ, ಕೂಲಿ, ವಾರ್ನಿಷ್ ಸೇರಿ 7,500ರ ಹತ್ತಿರ ಬಂತು. ಮರಕ್ಕಿಂತ ಕೂಲಿಯೇ ಹೆಚ್ಚು. ಅದು ಹಾಗೆಯೇ ಇರಬೇಕು ಎಂದು ನನ್ನ ಅಭಿಪ್ರಾಯ.

ಕುಂದುಗಳಿಲ್ಲ ಎಂದಲ್ಲ. ಮಾರ್ಚ್‌ನ ಒಣಗಾಳಿಗೆ ಹಲಗೆಗಳು ಅಡ್ಡಕ್ಕೆ ಕುಗ್ಗಿ ನಡುವೆ ಸಂದು ಬಿಡುತ್ತವೆ, ಗುಂಡುಪಿನ್ನುಗಳು ಅದರೊಳಗೆ ಹೋಗಿ ಬೀಳುತ್ತವೆ. ಜೂನ್‌ನಲ್ಲಿ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತವೆ. ಈ ಓಡಾಟಕ್ಕೆ ಜಾಗ ಇರಲೆಂದೇ ಆಚಾರಿ ಮೇಲಿನ ಹಲಗೆಗಳನ್ನು ಬಿಗಿಯಾಗಿ ಸ್ಕ್ರೂ ಮಾಡದೆ ಉದ್ದನೆಯ ತೂತುಗಳಲ್ಲಿ ಕೂರಿಸಿದ್ದಾರೆ, ಬಿಗಿದಿದ್ದರೆ ಸೀಳುತ್ತಿತ್ತು. ಮರ ಮೆದು. ಕಾಗದದ ಕೆಳಗೆ ರಟ್ಟು ಇಡದೆ ಬಾಲ್ ಪೆನ್ನಿನಲ್ಲಿ ಬರೆದರೆ ಅಕ್ಷರ ಮೇಜಿನ ಮೇಲೆ ಒತ್ತುತ್ತದೆ, ಯಾರದೋ ಬಿಲ್ಲಿನ ಮೊತ್ತ ಈಗಲೂ ಎಡಗಡೆ ಓದಲು ಸಿಗುತ್ತದೆ. ಬೂಷ್ಟು ಇದಕ್ಕೂ ಬರುತ್ತದೆ, ಅಡಿಭಾಗದಲ್ಲಿ. ಆದರೆ ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಗಟ್ಟಿ ಮರವೇ ಇರುತ್ತದೆ, ಊದಿ ಹಾಳಾದದ್ದೇನೂ ಇಲ್ಲ.

ಗೋಡೆಯ ವಿಷಯ ಚಿಕ್ಕದು. ಇಟ್ಟಿಗೆ ಚಿತ್ತಾರದ ಅಂಟಿಸುವ ವಾಲ್‌ಪೇಪರ್ ಪಡುವಣ ಗೋಡೆಗೆ ಹಾಕಲೇಬೇಡಿ. ಗೋಡೆಯ ತೇವ ಹೊರಬರಲಾಗದೆ ಕಾಗದದ ಹಿಂದೆಯೇ ಕುಳಿತು ಕಪ್ಪಾಗುತ್ತದೆ. ನಮ್ಮಲ್ಲಿ ಒಂದು ಮೂಲೆ ಕಿತ್ತು ನೋಡಿದಾಗ ಬಂದ ವಾಸನೆಗೆ ಕಿಟಕಿ ತೆರೆದು ನಿಲ್ಲಬೇಕಾಯಿತು. ಈಗ ಸುಣ್ಣ ಬಳಿಸಿದ್ದೇನೆ. ತೇವ ಹೊರಹೋಗಲು ಬಿಡುತ್ತದೆ, ಕ್ಷಾರ ಇರುವುದರಿಂದ ಬೂಷ್ಟೂ ಸುಲಭಕ್ಕೆ ಹಿಡಿಯುವುದಿಲ್ಲ, ಖರ್ಚು ಅತ್ಯಲ್ಪ. ಒರಗಿದರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟಿದ್ದೇನೆ. ಗಾಳಿ ಆಡಲು ಅದು ಹೇಗೂ ಬೇಕು.

ದೀಪಕ್ಕೆ ಸಾಧಾರಣ ಎಲ್‌ಇಡಿ ಪಟ್ಟಿ, ಇನ್ವರ್ಟರ್ ಸಾಲಿಗೆ ಜೋಡಿಸಿದ್ದು. ಕುರ್ಚಿ ಅಗಲವಾದ ಹಳೆಯ ಮರದ ಕುರ್ಚಿಯೇ; ಕೈ ಇರುವ ತಿರುಗು ಕುರ್ಚಿಯಲ್ಲಿ ಕಾಲು ಮಡಚಲು ಆಗುವುದಿಲ್ಲ.

ಬಾಡಿಗೆ ಮನೆಯಲ್ಲಿದ್ದು ಯಾವಾಗ ಗಂಟುಮೂಟೆ ಕಟ್ಟಬೇಕೋ ಗೊತ್ತಿಲ್ಲದವರು, ಕೈಯಲ್ಲಿ ಮೂರು ಸಾವಿರವಷ್ಟೇ ಇರುವವರು ಕಬ್ಬಿಣದ ಮೇಜು ಹುಡುಕಲಿ. ಕಡೂರು, ಅರಸೀಕೆರೆ ಕಡೆಯವರಿಗೆ ರೆಡಿಮೇಡ್ ಮೇಜು ಧಾರಾಳವಾಗಿ ಸಾಕು, ನೆಲಕ್ಕೆ ತಾಗುವ ಅಂಚಿಗೆ ಪಟ್ಟಿ ಇದೆಯೇ ಎಂದು ಮಾತ್ರ ಬಗ್ಗಿ ನೋಡಲಿ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯವರು ಸಿಲ್ವರ್ ಮಾಡಿಸುವುದಾದರೆ ಜನವರಿಯಲ್ಲೇ ಆಚಾರಿಯನ್ನು ಹಿಡಿಯಬೇಕು. ಕಾಫಿ ಕೊಯ್ಲು ಮುಗಿದು ತೋಟದವರ ಕೈಯಲ್ಲಿ ಹಣ ಆಡತೊಡಗಿದರೆ ಎಲ್ಲರಿಗೂ ಮನೆ ರಿಪೇರಿಯ ನೆನಪಾಗುತ್ತದೆ, ಆಮೇಲೆ ಆಚಾರಿ ಫೋನ್ ಎತ್ತುವುದು ಮಳೆ ಶುರುವಾದ ಮೇಲೆಯೇ.